ಬೆಕ್ಕಿಗೆ ನಡಿಗೆ ಕಲಿಸಿದವನ ಊರು

ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿರುವ ಮಗಳ ಮನೆಯಿಂದ ನೈಲ್ಸ್‌ಗೆ ಕಾರಿನಲ್ಲಿ ಕಾಲು ಗಂಟೆ. ಸಂಜೆ ವಾಕಿಂಗ್ ಹೊರಟರೆ ಒಬ್ಬರಾದರೂ ಕನ್ನಡದವರು ಎದುರಾಗುವ ಊರು ಫ್ರೀಮಾಂಟ್. ಮಕ್ಕಳ ಮನೆಗೆಂದು ಬಂದ ನನ್ನಂಥ ಅಪ್ಪ ಅಮ್ಮಂದಿರಿಗೆ ಗೋಲ್ಡನ್ ಗೇಟ್ ಸೇತುವೆ ನೋಡಿ ಆಗಿರುತ್ತದೆ. ನೈಲ್ಸ್ ನೋಡಿದವರು ಮಾತ್ರ ನನಗೆ ಇನ್ನೂ ಸಿಕ್ಕಿಲ್ಲ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

1956ರಲ್ಲಿ ಐದು ಸಣ್ಣ ಊರುಗಳು ಸೇರಿ ಫ್ರೀಮಾಂಟ್ ಆಯಿತು. ನೈಲ್ಸ್ ಅವುಗಳಲ್ಲಿ ಒಂದು. ಅದಕ್ಕೂ ಬಹಳ ಹಿಂದೆ, 1912ರಿಂದ 1916ರವರೆಗೆ, 'ಎಸ್ಸನೆ' ಕಂಪನಿ ಇಲ್ಲಿ ಸಿನಿಮಾ ತೆಗೆಯುತ್ತಿತ್ತು. ಯಜಮಾನರಾದ ಸ್ಪೂರ್ ಮತ್ತು ಆಂಡರ್ಸನ್ ತಮ್ಮ ಹೆಸರುಗಳ ಮೊದಲ ಇಂಗ್ಲಿಷ್ ಅಕ್ಷರ ಕೂಡಿಸಿ, 'ಎಸ್ ಅಂಡ್ ಎ' ಎಂದು ಇಟ್ಟ ಹೆಸರು ಅದು. ಆಂಡರ್ಸನ್ ತಾನೇ 'ಬ್ರಾಂಕೋ ಬಿಲ್ಲಿ' ಎಂಬ ಕೌಬಾಯ್ ನಾಯಕ. ಕುದುರೆ ಓಡಿಸಲು ಗುಡ್ಡ, ಕಣಿವೆ, ರೈಲು ಹಳಿ, ಜೊತೆಗೆ ಒಳ್ಳೆಯ ಬಿಸಿಲು, ಎಲ್ಲ ಇಲ್ಲೇ ಸಿಕ್ಕಿತ್ತು. 1915ರ ಆರಂಭದಲ್ಲಿ ಚಾರ್ಲಿ ಚಾಪ್ಲಿನ್ ಬಂದ. ವಾರಕ್ಕೆ 1,250 ಡಾಲರ್ ಸಂಬಳ. ಷಿಕಾಗೋದಲ್ಲಿ ಕಂಪನಿಗೆ ಒಂದು ಚಿತ್ರ ಮಾಡಿಕೊಟ್ಟು, ಅಲ್ಲಿನ ಚಳಿಗೆ ಬೇಸತ್ತು ಇತ್ತ ಬಂದವನು ಐದು ಚಿತ್ರ ಮುಗಿಸಿ ಲಾಸ್ ಏಂಜಲೀಸಿಗೆ ಹೊರಟುಹೋದ.

1933ರಲ್ಲಿ ಸ್ಟುಡಿಯೋ ಕೆಡವಿದರು. ಆದರೆ 1913ರ ಎಡಿಸನ್ ಥಿಯೇಟರ್ ಉಳಿದಿದೆ, ಮೂಕಿಚಿತ್ರಗಳ ಮ್ಯೂಸಿಯಂ ಆಗಿ. ಶನಿವಾರ ರಾತ್ರಿ ಅಲ್ಲಿ ಮೂಕಿಚಿತ್ರ ತೋರಿಸುತ್ತಾರೆ, ಪಿಯಾನೋ ನುಡಿಸುವವರು ಎದುರಿಗೇ ಇರುತ್ತಾರೆ.

ನಾನು, ಮಗಳು, ಏಳು ವರ್ಷದ ಮೊಮ್ಮಗ ಹೋದೆವು. ನಮ್ಮೂರ ಹಳೆಯ ಟೆಂಟ್ ಟಾಕೀಸಿನಲ್ಲಿ ಕೂತಂತೆ ಪಕ್ಕದವರ ತೋಳು ತಾಗುವಷ್ಟು ಹತ್ತಿರ ಕುರ್ಚಿಗಳು. ದೀಪ ಆರಿತು. ಮೊದಲು ಫೆಲಿಕ್ಸ್ ಬೆಕ್ಕಿನ ಕಾರ್ಟೂನ್.

ಬರೀ ಕಪ್ಪು ಬಿಳುಪು ಗೆರೆ. ಬೆಕ್ಕಿಗೆ ಏನೋ ತೋಚದು. ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ತಲೆ ತಗ್ಗಿಸಿ, ಅತ್ತಿಂದಿತ್ತ ಶತಪಥ ಹಾಕುತ್ತದೆ. ಸಟ್ಟನೆ ಉಪಾಯ ಹೊಳೆಯುತ್ತದೆ. ಬಾಲವನ್ನು ಕಿತ್ತು ಬೇಕಾದ ವಸ್ತು ಮಾಡಿಕೊಳ್ಳುತ್ತದೆ. ಮೊಮ್ಮಗ ಎದ್ದೇ ನಿಂತ. "ಅಜ್ಜಿ, ಬಾಲ ಕಾಣಿ! ಬಾಲ ಕಾಣಿ!" ಮನೆಯಲ್ಲಿ ಕನ್ನಡದಲ್ಲಿ ಕೇಳಿದ್ದಕ್ಕೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗ, ಕುಂದಾಪುರದ ಮಾತಿನಲ್ಲಿ ಕೂಗಿದ್ದು ಕೇಳಿ ಮಗಳು ನನ್ನ ಕೈ ಒತ್ತಿದಳು.

1919ರಲ್ಲಿ ಹುಟ್ಟಿದ ಆ ಬೆಕ್ಕಿಗೆ ಪ್ರಾಣ ತುಂಬಿದವನು ಆಟೋ ಮೆಸ್ಮರ್. ಅದಕ್ಕೂ ಮುಂಚೆ ಅವನು ಚಾಪ್ಲಿನ್‌ನನ್ನೇ ಕಾರ್ಟೂನಾಗಿ ಬರೆಯುತ್ತಿದ್ದ. ಬೇರೆಬೇರೆ ಭಂಗಿಯ ಫೋಟೋಗಳನ್ನು ಚಾಪ್ಲಿನ್ ಕಳಿಸಿಕೊಟ್ಟಿದ್ದ. ಭುಜ ಕುಣಿಸುವುದು, ತಿರುವಿನಲ್ಲಿ ಒಂದೇ ಕಾಲಲ್ಲಿ ಜಾರುವುದು, ಯೋಚನೆಯನ್ನು ಮೈಯಲ್ಲೇ ತೋರಿಸುವುದು, ಇದನ್ನೆಲ್ಲ ಬರೆದು ಬರೆದು ಕಲಿತ ಕೈಯೇ ಮುಂದೆ ಬೆಕ್ಕನ್ನು ಬರೆದದ್ದು. ಕಾರ್ಟೂನ್ ಮಕ್ಕಳದ್ದು, ಚಾಪ್ಲಿನ್ ದೊಡ್ಡವರದ್ದು ಎಂದು ಬೇರೆ ಮಾಡಿ ಇಡುವುದು ನನಗೆ ಸರಿಕಾಣದು. ಎರಡೂ ಒಂದೇ ಮನೆತನದವು.

ಆಮೇಲೆ ಚಾಪ್ಲಿನ್‌ನ 'ದಿ ಟ್ರಾಂಪ್'. ಇದೇ ಊರಿನಲ್ಲಿ ತೆಗೆದದ್ದು, 1915ರ ಏಪ್ರಿಲ್‌ನಲ್ಲಿ ಬಿಡುಗಡೆಯಾದದ್ದು. ಹಳೆಯ ಚಿತ್ರಗಳಲ್ಲಿ ಜನ ಪಟಪಟ ಓಡುತ್ತಾರೆಂದು ನಾನೂ ಅಂದುಕೊಂಡಿದ್ದೆ. ತಪ್ಪು ಅವರದ್ದಲ್ಲ. ಆಗ ಕ್ಯಾಮೆರಾವನ್ನು ಕೈಯಲ್ಲಿ ತಿರುಗಿಸಿ, ಸೆಕೆಂಡಿಗೆ ಸುಮಾರು 16ರಿಂದ 20 ಚಿತ್ರ ಹಿಡಿಯುತ್ತಿದ್ದರು. ಅದನ್ನು ಟಾಕಿಯ ಲೆಕ್ಕದಲ್ಲಿ 24ಕ್ಕೆ ಓಡಿಸಿದರೆ ನಡೆಯುವವನೂ ಓಡುತ್ತಾನೆ. ಆ ರಾತ್ರಿ ಕಂಡ ಚಾಪ್ಲಿನ್‌ಗೆ ಉಸಿರಾಡಲು ಸಮಯವಿತ್ತು.

ನಾನು ಪರದೆಗಿಂತ ಹೆಚ್ಚು ಪಿಯಾನೋ ಕಡೆಗೇ ನೋಡಿದೆನೇನೋ. ಯಕ್ಷಗಾನ ಕಂಡು ಬೆಳೆದ ಕಣ್ಣು. ನಮ್ಮಲ್ಲಿ ಹಾಸ್ಯಗಾರ ರಂಗಕ್ಕೆ ಬರುವ ನಡೆಯಲ್ಲೇ ಸಭೆ ನಗುತ್ತದೆ, ಮಾತು ಆಮೇಲೆ. ಮದ್ದಳೆಯವರ ಕಣ್ಣು ಅವನ ಹೆಜ್ಜೆಯ ಮೇಲಿರುತ್ತದೆ, ಅವನ ಕಣ್ಣೂ ಅವರ ಮೇಲಿರುತ್ತದೆ. ಇಲ್ಲಿ ಹೆಜ್ಜೆ ಹಾಕಿದವನು ಪಿಯಾನೋದವರಿಗಾಗಿ ಕಾಯುವ ಹಾಗಿಲ್ಲ. ನೂರು ವರ್ಷಕ್ಕೂ ಹಿಂದೆ ಹಾಕಿ ಮುಗಿಸಿದ ಹೆಜ್ಜೆ. ಆದರೂ ಅವನು ಎಡವಿದ ಕ್ಷಣಕ್ಕೇ ಸ್ವರ ಎಡವಿತು. ನಗು ಜೋರಾದಾಗ ಆಕೆ ಸ್ವರ ತಗ್ಗಿಸಿ ಜಾಗ ಬಿಟ್ಟರು.

ಆಟ ಮುಗಿದ ಮೇಲೆ ಮಗಳ ಮೂಲಕ ಕೇಳಿದೆ: ಅವನು ತಿರುಗುವುದು ಮೊದಲೇ ಹೇಗೆ ಗೊತ್ತಾಗುತ್ತದೆ? ಕಾಲು ನೋಡಿದರೆ ತಡವಾಗುತ್ತದೆ ಎಂದರು ಆಕೆ. ಭುಜ ನೋಡಬೇಕಂತೆ.

ಮರುದಿನ ಸುನೋಲ್‌ನಿಂದ ನೈಲ್ಸ್ ಕಣಿವೆಯ ಹಳೆಯ ರೈಲು ಹತ್ತಿದೆವು. ಒಂದು ಕಡೆ ಅಲಮೀಡ ತೊರೆ, ಆಚೆ ರಸ್ತೆ, ಹುಲ್ಲು ಒಣಗಿ ಬಂಗಾರದ ಬಣ್ಣವಾದ ಗುಡ್ಡ. 'ದಿ ಟ್ರಾಂಪ್'ನ ಕೊನೆ ಈ ಕಣಿವೆಯದ್ದೇ. ಪ್ರೀತಿಸಿದವಳು ಬೇರೆಯವನ ಪಾಲಾದಳು. ಚಾಪ್ಲಿನ್ ಗಂಟು ಹೊತ್ತು, ನಮಗೆ ಬೆನ್ನು ಹಾಕಿ, ಧೂಳಿನ ದಾರಿಯಲ್ಲಿ ಒಬ್ಬನೇ ಹೋಗುತ್ತಾನೆ. ಮುಖ ಕಾಣುವುದಿಲ್ಲ. ಇಳಿಬಿದ್ದ ಭುಜ ಮಾತ್ರ. ಸ್ವಲ್ಪ ದೂರ ಹೋದ ಮೇಲೆ ಆ ಭುಜ ಒಮ್ಮೆ ಕೊಡವಿಕೊಳ್ಳುತ್ತದೆ, ಕಾಲು ಒಂದು ಒದೆ ಒದೆಯುತ್ತದೆ, ನಡಿಗೆ ಚುರುಕಾಗುತ್ತದೆ. ಪಿಯಾನೋದ ಆಕೆ ಆ ಕೊಡವುವಿಕೆಗೆ ಅರೆಗಳಿಗೆ ಮೊದಲು ಕೈ ಎತ್ತಿ ಹಿಡಿದಿದ್ದರು. ನನ್ನ ಗಂಟಲು ಕಟ್ಟಿದ್ದು ಆಗಲೇ.

ರೈಲು ಇಳಿದಾಗ ಮೊಮ್ಮಗ ನಮಗಿಂತ ಮುಂದೆ ಹೋದ. ಕೈ ಬೆನ್ನ ಹಿಂದೆ, ತಲೆ ಕೆಳಗೆ. ಯಾರ ನಡಿಗೆ ಇದು ಎಂದು ಕೇಳಿದೆ.

"ಬೆಕ್ಕಿಂದು," ಎಂದ. ನಾಲ್ಕು ಹೆಜ್ಜೆ ಹಾಕಿದವನು ಭುಜ ಕೊಡವಿ, ಒಂದು ಕಾಲು ಒದ್ದು, ಕಾರಿನ ಕಡೆಗೆ ಓಡಿದ.