ಅದು ಪದ್ಯದಲ್ಲಿ ಎಲ್ಲಿದೆ ಸಾರ್?

ತುಮಕೂರಿನ ಒಂದು ಕಾಲೇಜಿನಲ್ಲಿ ನಾನು ಕನ್ನಡ ಪಾಠ ಮಾಡುತ್ತೇನೆ. ಭಾರತೀಯ ಕಾವ್ಯಮೀಮಾಂಸೆ ನನ್ನ ಪಾಲಿನ ವಿಷಯ. ಧ್ವನಿ, ಅಂದರೆ ಪದ್ಯ ಬಾಯಿಬಿಟ್ಟು ಹೇಳದೆ ಹೊಳೆಯಿಸುವ ಅರ್ಥ, ಅನ್ನುವ ಪಾಠ ಶುರುವಾದರೆ ಸಾಕು, ಹಿಂದಿನ ಬೆಂಚಿನಿಂದ ಒಂದು ಕೈ ಮೇಲೇಳುತ್ತದೆ. "ನೀವು ಹೇಳಿದ ಅರ್ಥ ಪದ್ಯದಲ್ಲಿ ಎಲ್ಲಿದೆ ಸಾರ್? ಕವಿ ಅದನ್ನ ಬರೆದೇ ಇಲ್ವಲ್ಲ. ನೀವೇ ಸೇರಿಸಿ ಹೇಳ್ತಿದೀರಾ ಅಲ್ವಾ?" ಮದುವೆ ಮನೆಗಳಲ್ಲಿ ಸಿಗುವ ನೆಂಟರೂ ಇದನ್ನೇ ಇನ್ನೊಂದು ರೀತಿ ಕೇಳುತ್ತಾರೆ: "ಕವಿಗಳು ಹೇಳೋದನ್ನ ನೆಟ್ಟಗೆ ಹೇಳಿದ್ರೆ ಏನು ನಷ್ಟ?"

ಒಳ್ಳೆಯ ಪ್ರಶ್ನೆ ಇದು. ತರಗತಿಯ ಐವತ್ತು ನಿಮಿಷದಲ್ಲಿ ಇದಕ್ಕೆ ಪೂರ್ತಿ ಉತ್ತರ ಕೊಡೋಕೆ ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನನ್ನ ಉತ್ತರ ಇಷ್ಟು: ಆ ಅರ್ಥ ಪದ್ಯದಲ್ಲೇ ಇದೆ. ಅದಕ್ಕೆ ಸಾಕ್ಷಿ ತೋರಿಸಬಹುದು. ಸಾಕ್ಷಿ ತೋರಿಸಲು ಆಗದಿದ್ದರೆ ಅದು ಓದುವವರ ಕಲ್ಪನೆ, ಧ್ವನಿ ಅಲ್ಲ.

ಮೊದಲು ನಮ್ಮ ಮಾತನ್ನೇ ನೋಡೋಣ. ಗುಬ್ಬಿ ಕಡೆ, ತುರುವೇಕೆರೆ ಕಡೆ ಸಂಜೆ ಯಾರ ಮನೆಗಾದರೂ ಹೋಗಿರುತ್ತೀರಿ. ಮಾತಾಡುತ್ತಾ ಕತ್ತಲಾಗುತ್ತದೆ. ಮನೆಯವರು "ಹೊತ್ತಾಯ್ತಲ್ಲ" ಅಂದರೆ, ಇವತ್ತು ಇಲ್ಲೇ ಉಳಿದು ಬೆಳಿಗ್ಗೆ ಹೋಗಿ ಅಂತ. ಬಂದವರು "ಹೊತ್ತಾಯ್ತಲ್ಲ" ಅಂದರೆ, ನಾವಿನ್ನು ಹೊರಡುತ್ತೇವೆ ಅಂತ. ಬೀದಿಯಲ್ಲಿ ಆಡುತ್ತಿರುವ ಹುಡುಗರಿಗೆ ಅಜ್ಜಿ ಅದನ್ನೇ ಹೇಳಿದರೆ, ಒಳಗೆ ಬಂದು ಕೈಕಾಲು ತೊಳೀರಿ ಅಂತ. ಪದ ಅದೇ, ನಿಘಂಟಿನ ಅರ್ಥವೂ ಅದೇ. ಉಳಿಯಿರಿ, ಹೊರಡುತ್ತೇವೆ, ಒಳಗೆ ಬನ್ನಿ ಅನ್ನುವುದು ಯಾವ ನಿಘಂಟಿನಲ್ಲೂ ಸಿಗುವುದಿಲ್ಲ. ಆದರೂ ಕೇಳಿದ ಯಾರಿಗೂ ತಪ್ಪು ತಿಳಿಯುವುದಿಲ್ಲ.

ಹನ್ನೊಂದನೇ ಶತಮಾನದ ಕಾಶ್ಮೀರದ ಮಮ್ಮಟ ತನ್ನ ಕಾವ್ಯಪ್ರಕಾಶದಲ್ಲಿ ಹೆಚ್ಚುಕಡಿಮೆ ಇದೇ ಉದಾಹರಣೆ ಕೊಡುತ್ತಾನೆ. "ಸೂರ್ಯ ಮುಳುಗಿದ" ಅನ್ನುವ ಒಂದೇ ವಾಕ್ಯ. ಸೇನೆಯವರಿಗೆ ಅದು ಶತ್ರುವಿನ ಮೇಲೆ ಬೀಳುವ ಹೊತ್ತು. ನಲ್ಲನನ್ನು ಕಾಣಲು ಹೊರಟವಳಿಗೆ ಹೊರಡುವ ಹೊತ್ತು. ದನ ಕಾಯುವವನಿಗೆ ದನ ಹೊಡೆದುಕೊಂಡು ಬರುವ ಹೊತ್ತು. ವ್ಯಾಪಾರಿಗೆ ಅಂಗಡಿ ಕಟ್ಟುವ ಹೊತ್ತು. ಅರ್ಥ ಹೀಗೆ ಬದಲಾಗೋದು ಯಾವುದರಿಂದ ಅಂತ ಅವನು ಹೆಸರಿಟ್ಟು ಹೇಳುತ್ತಾನೆ: ಹೇಳಿದವರು ಯಾರು, ಕೇಳಿದವರು ಯಾರು, ದನಿ ಹೇಗಿತ್ತು, ಪಕ್ಕದಲ್ಲಿ ಬೇರೆ ಯಾರಿದ್ದರು, ಸಂದರ್ಭ ಏನು, ಜಾಗ ಯಾವುದು, ಕಾಲ ಯಾವುದು. ನನ್ನ ವಿದ್ಯಾರ್ಥಿಗಳಿಗೆ ನಾನು ಬಾಯಿಪಾಠ ಮಾಡಿಸುವುದು ಇದೊಂದನ್ನೇ. ಧ್ವನಿ ಅನ್ನುವುದು ಗಾಳಿಯಲ್ಲಿ ತೇಲುವ ಸಂಗತಿ ಅಲ್ಲ ಅಂತ ಈ ಪಟ್ಟಿ ಗಟ್ಟಿಯಾಗಿ ಹೇಳುತ್ತದೆ.

ಈಗ ಕಾವ್ಯಕ್ಕೆ ಬರೋಣ. ಕಾಳಿದಾಸನ ಕುಮಾರಸಂಭವದ ಆರನೇ ಸರ್ಗ. ಶಿವನ ಪರವಾಗಿ ಹೆಣ್ಣು ಕೇಳಲು ಸಪ್ತರ್ಷಿಗಳು ಹಿಮವಂತನ ಮನೆಗೆ ಬಂದಿದ್ದಾರೆ. ಅಂಗಿರಸ್ಸು ಮಾತಾಡುತ್ತಿದ್ದಾನೆ. ಮಗಳು ಪಾರ್ವತಿ ಅಲ್ಲೇ ಇದ್ದಾಳೆ. ಆಗ ಕವಿ ಹೇಳುವುದು ಇಷ್ಟೇ: ಋಷಿ ಹೀಗೆ ಹೇಳುತ್ತಿರುವಾಗ, ತಂದೆಯ ಪಕ್ಕದಲ್ಲಿ ತಲೆ ತಗ್ಗಿಸಿ, ಪಾರ್ವತಿ ತನ್ನ ಕೈಯಲ್ಲಿದ್ದ ಆಟದ ತಾವರೆಯ ದಳಗಳನ್ನು ಎಣಿಸಿದಳು.

ಅಷ್ಟೇ. ನಾಚಿಕೆ ಅನ್ನುವ ಪದ ಇಲ್ಲ. ಸಂತೋಷ ಅನ್ನುವ ಪದ ಇಲ್ಲ. ಪ್ರೀತಿಯ ಸುದ್ದಿಯೇ ಇಲ್ಲ. ಹೂವಿನ ದಳ ಎಣಿಸಿದಳು, ಅಷ್ಟೇ. ಆದರೂ ಇದನ್ನು ಓದಿದ ಮೇಲೆ ಆ ಹುಡುಗಿಯ ಮುಖ ಕೆಂಪಾದದ್ದು ನಮಗೆ ಕಾಣುತ್ತದೆ. ಒಳಗಿನ ಖುಷಿ ಆಚೆ ಬಾರದ ಹಾಗೆ ಅವಳು ಹಿಡಿದಿಟ್ಟದ್ದೂ ಕಾಣುತ್ತದೆ.

ಇಲ್ಲೇ ಆ ಹಿಂದಿನ ಬೆಂಚಿನ ಹುಡುಗ ಕೇಳುತ್ತಾನೆ, "ಅವಳಿಗೆ ಸುಮ್ನೆ ಬೇಜಾರಾಗಿ ಎಣಿಸ್ತಿರಬಹುದಲ್ವಾ ಸಾರ್? ದೊಡ್ಡವರ ಮಾತು ಕೇಳಿ ಕೇಳಿ ನಮಗೂ ಹಾಗೇ ಆಗುತ್ತೆ." ಎಲ್ಲರೂ ನಗುತ್ತಾರೆ. ನನಗೆ ಮಾತ್ರ ಆ ಹುಡುಗನ ಮೇಲೆ ತುಂಬಾ ಪ್ರೀತಿ ಬರುತ್ತದೆ. ಯಾಕೆಂದರೆ ಸುಮಾರು ಸಾವಿರ ವರ್ಷದ ಹಿಂದೆ ಅಭಿನವಗುಪ್ತ ಅನ್ನುವ ವಿದ್ವಾಂಸ ಇದೇ ಸಂದೇಹ ಎತ್ತಿದ್ದಾನೆ. ಹೆಣ್ಣುಮಕ್ಕಳು ತಲೆ ತಗ್ಗಿಸುವುದು ಬೇರೆ ಕಾರಣಕ್ಕೂ ಇರಬಹುದು, ಆದ್ದರಿಂದ ಓದುವವರ ಮನಸ್ಸು ತಟ್ಟನೆ ನಾಚಿಕೆಯ ಮೇಲೆ ನಿಲ್ಲುವುದಿಲ್ಲ ಅನ್ನುತ್ತಾನೆ. ಮತ್ತೆ ಹೇಗೆ ನಿಲ್ಲುತ್ತದೆ? ಹಿಂದೆ ನಡೆದದ್ದು ನೆನಪಾಗುವುದರಿಂದ. ಇದೇ ಶಿವನಿಗಾಗಿ ಇದೇ ಪಾರ್ವತಿ ಐದನೇ ಸರ್ಗದಲ್ಲಿ ಘೋರ ತಪಸ್ಸು ಮಾಡಿದ್ದಾಳೆ. ಆ ಹಿನ್ನೆಲೆ ಇಟ್ಟುಕೊಂಡು ಈ ಸಾಲಿಗೆ ಬಂದರೆ ಬೇಜಾರು ಅನ್ನುವ ಅರ್ಥಕ್ಕೆ ಜಾಗವೇ ಇಲ್ಲ. ಮಮ್ಮಟನ ಪಟ್ಟಿ ಹಿಡಿದು ನೋಡಿ. ಪಕ್ಕದಲ್ಲಿರುವವನು ಅಪ್ಪ. ನಡೆಯುತ್ತಿರುವುದು ತನ್ನದೇ ಮದುವೆಯ ಮಾತು. ಕೇಳಲು ಬಂದಿರುವುದು ತಾನು ಮೈ ಸವೆಸಿ ಬಯಸಿದವನ ಪರವಾಗಿ. ಇಷ್ಟೂ ಪದ್ಯದಲ್ಲಿ, ಕಾವ್ಯದಲ್ಲಿ ಇವೆ. ನಾನು ಯಾವುದನ್ನೂ ಹೊರಗಿನಿಂದ ತಂದಿಲ್ಲ.

ನೆಟ್ಟಗೆ "ಪಾರ್ವತಿ ನಾಚಿದಳು" ಅಂತ ಬರೆದಿದ್ದರೆ? ಸುದ್ದಿ ಮುಟ್ಟುತ್ತಿತ್ತು, ಆ ಹುಡುಗಿ ಕಾಣುತ್ತಿರಲಿಲ್ಲ. ಆನಂದವರ್ಧನ ಇದನ್ನು ಬಹಳ ಖಚಿತವಾಗಿ ಹೇಳುತ್ತಾನೆ: ಶೃಂಗಾರ ಅನ್ನುವ ಪದ ಹಾಕಿದ ಮಾತ್ರಕ್ಕೆ ಶೃಂಗಾರ ಹುಟ್ಟುವುದಿಲ್ಲ. ರಸವನ್ನು, ಅಂದರೆ ಓದುವವರು ಸವಿಯುವ ಭಾವವನ್ನು, ಹೆಸರು ಹಿಡಿದು ಕರೆದು ತರಲು ಬರುವುದಿಲ್ಲ. ಸನ್ನಿವೇಶ, ನಡೆ, ಕಣ್ಣೋಟ ಇವುಗಳ ಮೂಲಕವೇ ಅದು ಹೊಳೆಯಬೇಕು. ಮದುವೆ ಮನೆಯ ನೆಂಟರ ಪ್ರಶ್ನೆಗೆ ಇದೇ ಉತ್ತರ. ವಿಷಯ ತಿಳಿಸುವುದಾದರೆ ನೇರ ಮಾತು ಸಾಕು. ಭಾವ ಉಣಿಸಬೇಕಾದರೆ ಅದಕ್ಕೆ ಈ ದಾರಿ ಬಿಟ್ಟು ಬೇರೆ ದಾರಿ ಇಲ್ಲ.

ಆನಂದವರ್ಧನ ಯಾರು ಅಂತ ಹೇಳಲಿಲ್ಲ. ಕಾಶ್ಮೀರದಲ್ಲಿ ಅವಂತಿವರ್ಮ (855–883) ಆಳುತ್ತಿದ್ದ ಕಾಲದವನು. ಧ್ವನ್ಯಾಲೋಕ ಬರೆದವನು. ಅದಕ್ಕೆ ವ್ಯಾಖ್ಯಾನ ಬರೆದವನೇ ಮೇಲೆ ಹೇಳಿದ ಅಭಿನವಗುಪ್ತ. ಹೆಚ್ಚುಕಡಿಮೆ ಅದೇ ಶತಮಾನದಲ್ಲಿ ನಮ್ಮ ಕವಿರಾಜಮಾರ್ಗದಲ್ಲೂ ಧ್ವನಿಯ ಮಾತು ಬರುತ್ತದೆ. ಅಲ್ಲಿ ಅದು ಒಂದು ಅಲಂಕಾರ ಮಾತ್ರ. ಆನಂದವರ್ಧನ ಅದನ್ನು ಕಾವ್ಯದ ಆತ್ಮ ಅಂದ.

ಹಾಗಂದಾಗ ಸುತ್ತಲಿನವರು ಸುಮ್ಮನೆ ಒಪ್ಪಿಕೊಳ್ಳಲಿಲ್ಲ. ಧ್ವನ್ಯಾಲೋಕದ ಮೊದಲನೇ ಪದ್ಯವೇ ಎದುರಾಳಿಗಳನ್ನು ಹೆಸರಿಸುತ್ತದೆ. ಧ್ವನಿ ಅನ್ನುವುದೇ ಇಲ್ಲ ಅನ್ನುವವರು ಕೆಲವರು. ಇದೆ, ಆದರೆ ಅದು ಲಕ್ಷಣೆಯೇ (ನೇರ ಅರ್ಥ ಹೊಂದದಾಗ ಪದಕ್ಕೆ ಹಿಡಿಯುವ ಹತ್ತಿರದ ಅರ್ಥ), ಹೊಸದೇನಲ್ಲ ಅನ್ನುವವರು ಕೆಲವರು. ಇದೆ, ಆದರೆ ಮಾತಿನಲ್ಲಿ ವಿವರಿಸಲು ಬರುವುದಿಲ್ಲ ಅನ್ನುವವರು ಇನ್ನು ಕೆಲವರು. ಇಲ್ಲ ಅನ್ನುವವರ ಪರವಾಗಿ ಅವನು ಒಂದು ಹಾಸ್ಯದ ಪದ್ಯವನ್ನೂ ಉದಾಹರಿಸುತ್ತಾನೆ. ಅದು ಅವನ ಕಾಲದ ಮನೋರಥ ಅನ್ನುವ ಕವಿಯದ್ದು ಅಂತ ಅಭಿನವಗುಪ್ತ ತಿಳಿಸುತ್ತಾನೆ. ಆ ಪದ್ಯದ ತಿರುಳು: ಕಾವ್ಯದಲ್ಲಿ ಧ್ವನಿ ಇದೆ ಅಂತ ದಡ್ಡ ಹೊಗಳುತ್ತಾನೆ, ಬುದ್ಧಿವಂತ ಯಾರಾದರೂ ಧ್ವನಿ ಅಂದರೆ ಏನಪ್ಪಾ ಅಂತ ಕೇಳಿದರೆ ಏನು ಹೇಳುತ್ತಾನೋ! "ಎಲ್ಲಿದೆ ಸಾರ್" ಅನ್ನುವ ಪ್ರಶ್ನೆಗೆ ಎಷ್ಟು ವಯಸ್ಸಾಗಿದೆ ನೋಡಿ. ತನ್ನನ್ನೇ ಗೇಲಿ ಮಾಡಿದ ಪದ್ಯವನ್ನು ತನ್ನ ಪುಸ್ತಕದ ಆರಂಭದಲ್ಲೇ ಎತ್ತಿಕೊಂಡು, ಅದಕ್ಕೆ ಉತ್ತರವಾಗಿ ಇಡೀ ಗ್ರಂಥ ಕಟ್ಟಿದ ಆನಂದವರ್ಧನನ ಬಗ್ಗೆ ನನಗೆ ಬಹಳ ಗೌರವ.

ಅವನು ಕೊಡುವ ಇನ್ನೊಂದು ಉದಾಹರಣೆ ಒಂದು ಪ್ರಾಕೃತ ಗಾಹೆ, ಅಂದರೆ ಚಿಕ್ಕ ಪದ್ಯ. ಗೋದಾವರಿ ದಡದ ಪೊದೆಗಳಲ್ಲಿ ಒಬ್ಬಳು ತನ್ನ ನಲ್ಲನನ್ನು ಕಾಣುತ್ತಾಳೆ. ಹೂ ಕೊಯ್ಯಲು ಬರುವ ಒಬ್ಬ ಧರ್ಮಿಷ್ಠನಿಂದ ಅವಳಿಗೆ ತೊಂದರೆ. ಅವನಿಗೆ ಅಲ್ಲಿಯ ಒಂದು ನಾಯಿಯ ಭಯ. ಅವಳು ಹೇಳುತ್ತಾಳೆ: "ಧರ್ಮಾತ್ಮಾ, ಇನ್ನು ನಿಶ್ಚಿಂತೆಯಿಂದ ಓಡಾಡು. ಆ ನಾಯಿಯನ್ನು ಇವತ್ತು ಗೋದಾವರಿ ದಡದ ಪೊದೆಯಲ್ಲಿರುವ ಕೊಬ್ಬಿದ ಸಿಂಹ ಕೊಂದುಹಾಕಿತು." ಬಾಯಿಮಾತು ಓಡಾಡು ಅನ್ನುತ್ತದೆ. ಒಳಗಿನ ಮಾತು ಇತ್ತ ತಲೆ ಹಾಕಬೇಡ ಅನ್ನುತ್ತದೆ. ಹೇಳಿದ್ದಕ್ಕೆ ಪೂರ್ತಿ ಉಲ್ಟಾ. ಹೇಳಿದ ಅರ್ಥ ಬೇರೆ, ಹೊಳೆಯುವ ಅರ್ಥ ಬೇರೆ ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಾ?

ಮಹಿಮಭಟ್ಟ ಅನ್ನುವವನಿಗೆ ಇದೂ ಸಾಲಲಿಲ್ಲ. ಅವನೂ ಕಾಶ್ಮೀರದವನೇ. ಇದಕ್ಕೆಲ್ಲ ಧ್ವನಿ ಅನ್ನುವ ಹೊಸ ಹೆಸರು ಯಾಕೆ, ಇದು ಬರೀ ಊಹೆ, ತರ್ಕಶಾಸ್ತ್ರದ ಅನುಮಾನ ಅಂದ. ಹೊಗೆ ಕಂಡರೆ ಬೆಂಕಿ ಇದೆ ಅಂತ ತಿಳಿಯುವ ಹಾಗೆ, ಸಿಂಹ ಇದೆ ಅಂದರೆ ಹೋಗಬಾರದು ಅಂತ ತಿಳಿಯುತ್ತೇವೆ. ಮಮ್ಮಟ ಇದಕ್ಕೆ ಕೊಟ್ಟ ಉತ್ತರ ನನಗೆ ತುಂಬಾ ಇಷ್ಟ. ಹೊಗೆ ಇದ್ದಲ್ಲಿ ಬೆಂಕಿ ಇದ್ದೇ ಇರಬೇಕು. ಸಿಂಹ ಇದ್ದಲ್ಲಿಗೆ ಅಂಜುಬುರುಕ ಹೋಗುವುದೇ ಇಲ್ಲ ಅಂತ ಏನು ನಿಯಮ? ಗುರುವೋ ಒಡೆಯನೋ ಅಪ್ಪಣೆ ಮಾಡಿದರೆ ಹೋಗಬಹುದು, ನಲ್ಲೆಯ ಮೇಲಿನ ಆಸೆಗೂ ಹೋಗಬಹುದು. ನಾಯಿಗೆ ಹೆದರುವವನು ಸಿಂಹಕ್ಕೆ ಹೆದರದ ಶೂರನೂ ಆಗಿರಬಹುದು. ಅದೆಲ್ಲ ಇರಲಿ, ಅಲ್ಲಿ ಸಿಂಹ ಇದೆ ಅನ್ನುವುದಕ್ಕೇ ಏನು ಆಧಾರ? ಅವಳ ಬಾಯಿಮಾತು ಬಿಟ್ಟರೆ ಬೇರೆ ಇಲ್ಲ. ತರ್ಕದ ಕಟಕಟೆಯಲ್ಲಿ ಈ ಅನುಮಾನ ನಿಲ್ಲುವುದಿಲ್ಲ. ಆದರೂ ನಮಗೆ ಅರ್ಥ ಸ್ಪಷ್ಟವಾಗಿ ಆಗುತ್ತದೆ. ಹಾಗಾದರೆ ಅದು ಅನುಮಾನಕ್ಕಿಂತ ಬೇರೆ ಬಗೆಯ ತಿಳಿವಳಿಕೆ. ಸಾಕ್ಷಿ ಬೇಕು, ಆದರೆ ಗಣಿತದ ಸಾಕ್ಷಿ ಕೇಳಬಾರದು ಅಂತ ನಾನು ತರಗತಿಯಲ್ಲಿ ಹೇಳುವುದು ಇದನ್ನು ಇಟ್ಟುಕೊಂಡೇ.

ಇನ್ನು ನಮ್ಮ ಪಂಪನನ್ನು ಬಿಟ್ಟು ಈ ಮಾತು ಮುಗಿಸಲು ಮನಸ್ಸು ಬಾರದು. 941ರ ವಿಕ್ರಮಾರ್ಜುನ ವಿಜಯ. ಕೃಷ್ಣ ಕರ್ಣನಿಗೆ ಅವನ ಹುಟ್ಟಿನ ಗುಟ್ಟು ಹೇಳಿ ಪಾಂಡವರ ಕಡೆ ಬಾ ಅನ್ನುತ್ತಾನೆ. ಕರ್ಣ ಸ್ನೇಹ, ಋಣ, ನಂಬಿಕೆ ಅಂತ ಭಾಷಣ ಮಾಡುವುದಿಲ್ಲ. ಒಂದು ಘಟನೆ ಹೇಳುತ್ತಾನೆ. "ನೆತ್ತಮನಾಡಿ" ಅಂತ ಶುರುವಾಗುವ ಆ ಪದ್ಯ ನಿಮ್ಮಲ್ಲಿ ಬಹಳ ಜನಕ್ಕೆ ಬಾಯಿಗೇ ಬರುತ್ತದೆ. ಭಾನುಮತಿ ಪಗಡೆಯಲ್ಲಿ ಸೋತಳು. ಸೋತದ್ದು ಕೊಡು ಅಂತ ಕಾಡುವಾಗ ಹಾರ ಹರಿದು ಮುತ್ತು ಚೆಲ್ಲಿದವು. ಆಗ ದುರ್ಯೋಧನ ಸ್ವಲ್ಪವೂ ಬೇಸರಪಡದೆ, ಈ ಮುತ್ತುಗಳನ್ನು ಆಯಲೇ, ಹೇಳಿ ಅಂದ. ಅಂಥವನನ್ನು ಬಿಟ್ಟು ನಿಮ್ಮ ಕಡೆ ಬಂದರೆ ನಾನು ಬೇಡನಲ್ಲವೇ, ಕೀಳು ಮನುಷ್ಯನಲ್ಲವೇ?

ಕಾಡಿದವರು ಯಾರು ಅಂತ ಪಂಪ ಹೇಳಿಲ್ಲ. ಕರ್ಣನೋ, ಗಂಡ ದುರ್ಯೋಧನನೋ? ವಿದ್ವಾಂಸರು ಇದರ ಬಗ್ಗೆ ಬಹಳ ಜಗಳ ಆಡಿದ್ದಾರೆ. ಗಂಡಹೆಂಡಿರ ಏಕಾಂತದ ಆಟಕ್ಕೆ ಕರ್ಣನನ್ನು ಬಿಟ್ಟುಕೊಂಡದ್ದೇ ದೊಡ್ಡ ನಂಬಿಕೆ ಅನ್ನುವುದು ಒಂದು ಪಕ್ಷ. ನನ್ನ ಮನಸ್ಸು ಇನ್ನೊಂದು ಪಕ್ಷಕ್ಕೆ: ಕಾಡಿದವನು ಕರ್ಣ. ಪದ್ಯದಲ್ಲಿ "ಏವಮಿಲ್ಲದೆ" ಅಂತ ಇದೆ, ಅಸಮಾಧಾನ ಇಲ್ಲದೆ ಅಂತ. ತಾನೇ ತನ್ನ ಹೆಂಡತಿಯನ್ನು ಕಾಡಿ ಹಾರ ಹರಿದವನಿಗೆ ಅಸಮಾಧಾನ ಎಲ್ಲಿಂದ ಬರಬೇಕು? ಬೇರೆಯವನ ಕೈಯಲ್ಲಿ ಹರಿದಿದ್ದರೆ ಮಾತ್ರ ಆ ಮಾತಿಗೆ ತೂಕ. ಇಷ್ಟು ಹೊತ್ತಿಗೆ ಕರ್ಣನ ಮೈ ನಡುಗಿರಬೇಕು, ದುರ್ಯೋಧನನ ಮುಖದಲ್ಲಿ ಒಂದು ಗೆರೆಯೂ ಕದಲಿಲ್ಲ. ನಂಬಿಕೆ ಅನ್ನುವ ಪದ ಇಲ್ಲದೆಯೇ ನಂಬಿಕೆ ಇಡಿಯಾಗಿ ಎದುರು ನಿಂತಿದೆ. ನೀವು ಒಪ್ಪದಿದ್ದರೆ ಪದ್ಯದಿಂದಲೇ ಇನ್ನೊಂದು ಮಾತು ತೋರಿಸಿ, ವಾದ ಮಾಡೋಣ. ಆದರೆ "ನನಗೆ ಹಾಗೆ ಅನ್ನಿಸ್ತು" ಅಂದರೆ ನಾನು ಒಪ್ಪುವುದಿಲ್ಲ.

ಪರೀಕ್ಷೆಯ ಗೈಡುಗಳ ಬಗ್ಗೆ ನನಗೆ ಕೋಪ ಇರುವುದೂ ಇದಕ್ಕೇ. ಪ್ರತಿ ಪದ್ಯದ ಕೆಳಗೆ "ಕವಿ ಇಲ್ಲಿ ಧ್ವನಿಪೂರ್ಣವಾಗಿ ವರ್ಣಿಸಿದ್ದಾನೆ" ಅಂತ ಒಂದು ಸಾಲು ಇರುತ್ತದೆ. ಯಾವ ಮಾತಿನಿಂದ, ಏನು ಹೊಳೆಯಿತು ಅಂತ ಇರುವುದಿಲ್ಲ. ಮಕ್ಕಳು ಅದನ್ನೇ ಬರೆದು ಬರುತ್ತಾರೆ. ಎಲ್ಲ ಪದ್ಯದಲ್ಲೂ ಧ್ವನಿ ಇರಬೇಕು ಅಂತ ಆನಂದವರ್ಧನನೇ ಹೇಳಿಲ್ಲ. ಹೊಳೆಯುವ ಅರ್ಥ ಇದ್ದರೂ ಹೇಳಿದ ಅರ್ಥವೇ ಹೆಚ್ಚು ಚೆಂದವಾಗಿದ್ದರೆ ಅದನ್ನು ಬೇರೆ ಗುಂಪಿಗೆ ಹಾಕಿದ. ಬರೀ ಶಬ್ದದ ಚಮತ್ಕಾರ ಇದ್ದರೆ ಅದು ಚಿತ್ರಕಾವ್ಯ ಅಂದ. ಇಲ್ಲದ ಕಡೆ ಇಲ್ಲ ಅನ್ನುವ ಧೈರ್ಯ ಓದುವವರಿಗೂ ಬೇಕು.

"ಪದ್ಯದಲ್ಲೇ ಇದ್ದರೆ ಎಲ್ಲರಿಗೂ ಯಾಕೆ ಕಾಣಲ್ಲ?" ಅಂತ ಕೊನೆಗೆ ಕೇಳುತ್ತಾರೆ. ಅಭಿನವಗುಪ್ತ ಸಹೃದಯ ಯಾರು ಅಂತ ಹೇಳುವಾಗ ಜಾತಿ, ಪಾಂಡಿತ್ಯದ ಮಾತು ಎತ್ತುವುದಿಲ್ಲ. ಕಾವ್ಯವನ್ನು ಓದಿ ಓದಿ ಮನಸ್ಸಿನ ಕನ್ನಡಿ ತಿಳಿಯಾದವರು ಅನ್ನುತ್ತಾನೆ. ಓದಿ ಓದಿ ಅನ್ನುವುದರ ಮೇಲೆ ನನ್ನ ಭಾರ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಗಮಕ ಕೇಳಿ ಬೆಳೆದ ಹಿರಿಯರನ್ನು ಕಂಡಿದ್ದೇನೆ. ಶಾಲೆ ಕಡಿಮೆ. ಆದರೆ ಕರ್ಣನ ಪ್ರಸಂಗ ಬಂದರೆ ಯಾವ ಮಾತಿಗೆ ತಲೆದೂಗಬೇಕು ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೇಳಿ ಕೇಳಿ ಬಂದದ್ದು ಅದು.

ಮುಂದೆ ಏನು ಓದಲಿ ಅನ್ನುವವರಿಗೆ ನಾನು ಒಂದೇ ಪುಸ್ತಕ ಹೇಳುವುದು: ತೀ.ನಂ. ಶ್ರೀಕಂಠಯ್ಯನವರ ಭಾರತೀಯ ಕಾವ್ಯಮೀಮಾಂಸೆ. 1953ರಲ್ಲಿ ಬಂದದ್ದು. ಅವರು ನಮ್ಮದೇ ಜಿಲ್ಲೆಯ ತೀರ್ಥಪುರದವರು. ಸಂಸ್ಕೃತ ಬಾರದಿದ್ದರೂ ತೊಂದರೆ ಇಲ್ಲ. ಧ್ವನಿಯ ಅಧ್ಯಾಯದಿಂದಲೇ ಶುರು ಮಾಡಿ, ಪಕ್ಕದಲ್ಲಿ ಪಂಪನನ್ನೂ ಇಟ್ಟುಕೊಳ್ಳಿ.