ಸೆಕೆಂಡ್ ಹ್ಯಾಂಡ್ ಬೇಸ್ ಗಿಟಾರ್: ಇಲ್ಲಿವರೆಗಿನ ಕಥೆ

ಜನವರಿ, ಮೂರನೇ ವಾರ

ನಮ್ಮದು ಮೂರು ಜನರ ತಂಡ. ಒಬ್ಬ ಹಾಡ್ತಾನೆ, ಹಾರ್ಮೋನಿಯಂ ಕೂಡ ಅವನದೇ. ಇನ್ನೊಬ್ಬ ರಿದಮ್ ಪ್ಯಾಡ್. ನಾನು ಗಿಟಾರ್. ಗಣಪತಿ ಪೆಂಡಾಲಿನಲ್ಲಿ ಮಾಡಿದ ರೆಕಾರ್ಡಿಂಗ್ ಯಾವಾಗ ಕೇಳಿದರೂ ಒಂದೇ ಕೊರತೆ: ಹಾಡಿಗೆ ತಳ ಇಲ್ಲ. ಹಾಗಾಗಿ ನಾನು ಬೇಸ್‌ಗೆ, ಅಂದರೆ ತಗ್ಗಿನ ಸ್ವರದ ಗಿಟಾರ್‌ಗೆ, ಇಳಿಯೋದು ಅಂತಾಯಿತು. ಬಜೆಟ್ 15,000 ರೂಪಾಯಿ. ತಂತಿ, ರಿಪೇರಿ ಎಲ್ಲ ಅದರಲ್ಲೇ.

ದಾವಣಗೆರೆಯಲ್ಲಿ ಎರಡು ಅಂಗಡಿ ಹತ್ತಿ ಇಳಿದೆ. ಅಕೌಸ್ಟಿಕ್ ಗಿಟಾರ್‌ಗಳು ಸಾಲಾಗಿ ನೇತಾಡುತ್ತಿದ್ದವು, ಬೇಸ್ ಒಂದೂ ಇಲ್ಲ. "ದುಡ್ಡು ಕಟ್ಟಿ ಹೋಗ್ರಿ, ತರಿಸಿ ಕೊಡ್ತೀವಿ" ಅಂದರು. ಚಪ್ಪಲಿನೇ ಕಾಲಿಗೆ ಹಾಕಿ ನೋಡಿ ತಗೋತೀವಿ, ಇದನ್ನ ಕೈಗೆ ಹಿಡಿಯದೇ ಹೇಗೆ?

ಅಮೆರಿಕದ ಗಿಟಾರ್ ತಯಾರಕ ಲಿಯೊ ಫೆಂಡರ್ 1951ರಲ್ಲಿ ಪ್ರಿಸಿಷನ್ ಬೇಸ್ ಅನ್ನೋ ಮಾಡೆಲ್ ತಂದ, 1960ರಲ್ಲಿ ಜಾಝ್ ಬೇಸ್. ಕಡಿಮೆ ಬೆಲೆಗೆ ಸಿಗುವ ಬೇಸ್‌ಗಳಲ್ಲಿ ಹೆಚ್ಚಿನವು ಈ ಎರಡರ ನಕಲೇ. ಜಾಝ್‌ನ ನೆಕ್, ಅಂದರೆ ಬೆರಳು ಓಡುವ ಉದ್ದ ಕತ್ತು, ತಲೆಯ ಕಡೆ ಸುಮಾರು 38 ಮಿಲಿಮೀಟರ್ ಅಗಲ, ಪ್ರಿಸಿಷನ್‌ದು ಅದಕ್ಕಿಂತ ಜಾಸ್ತಿ. ನನ್ನವು ಗಿಡ್ಡ ಬೆರಳು. ಜಾಝ್ ಅಂತ ಗಟ್ಟಿ ಮಾಡಿಕೊಂಡೆ.

ಫೆಬ್ರವರಿ, ಮೊದಲ ಭಾನುವಾರ

ಗೆಳೆಯನ ಪರಿಚಯದವರೊಬ್ಬರ ಹತ್ತಿರ ಒಂದಿದೆ ಅಂತ ಗೊತ್ತಾಯಿತು, ಚಿತ್ರದುರ್ಗದಲ್ಲಿ. ಹೆಚ್ಚುಕಮ್ಮಿ 60 ಕಿಲೋಮೀಟರ್. ಜೇಬಲ್ಲಿ ಅಲೆನ್ ಕೀ ಸೆಟ್ ಹಾಕಿಕೊಂಡು ಬಸ್ ಹತ್ತಿದೆ. ಗುಡ್ಡದ ಮೇಲೆ ಗಾಳಿಯಂತ್ರ ಕಂಡಾಗ ಎದ್ದು ನಿಂತೆ.

ಮನೆಯವರು ರಿಟೈರ್ ಆದವರು. ಹಿಂದೆ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುತ್ತಿದ್ದರಂತೆ. ಗಿಟಾರ್ ಬೀರುವಿನ ಮೇಲಿತ್ತು. ತಂತಿ ಕಪ್ಪಾಗಿ ತುಕ್ಕು ಹಿಡಿದಿತ್ತು. ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ, ತಂತಿ ಹೇಗೂ ಬದಲಾಯಿಸೋದೇ. ನನಗೆ ಬೇಕಿದ್ದದ್ದು ನೆಕ್.

ಬಡಗಿ ಹಲಗೆ ನೋಡೋ ಹಾಗೆ ಒಂದು ಕಣ್ಣು ಮುಚ್ಚಿ, ಬುಡದಿಂದ ತಲೆಯವರೆಗೆ ನೋಡಿದೆ. ತಿರುಚಿಲ್ಲ. ಆದರೆ ಮುಂದಕ್ಕೆ ಬಾಗಿದೆ. ನೆಕ್ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಗೆರೆಗಳೇ ಫ್ರೆಟ್. ದಪ್ಪ ತಂತಿಯನ್ನು ಮೊದಲನೇ ಫ್ರೆಟ್‌ನಲ್ಲೂ ಕೊನೇ ಫ್ರೆಟ್‌ನಲ್ಲೂ ಒತ್ತಿ ಹಿಡಿದು, ನಡುಭಾಗದಲ್ಲಿ ತಂತಿಗೂ ಫ್ರೆಟ್‌ಗೂ ಮಧ್ಯೆ ಎಟಿಎಂ ಕಾರ್ಡ್ ತೂರಿಸಿದೆ. ಸಲೀಸಾಗಿ ಹೋಯಿತು. ಕಾರ್ಡ್ ದಪ್ಪ ಮುಕ್ಕಾಲು ಮಿಲಿಮೀಟರ್. ಅಲ್ಲಿ ಇರಬೇಕಾದ ಸಂದು ಅದರ ಅರ್ಧಕ್ಕಿಂತ ಕಮ್ಮಿ. ಇದು ಟ್ರಸ್ ರಾಡ್ (ನೆಕ್ ಒಳಗಿನ ಲೋಹದ ಸರಳು) ಬಿಗಿ ಮಾಡಿದರೆ ಸರಿಹೋಗೋ ಸಮಸ್ಯೆ, ರಾಡ್ ತಿರುಗಿದರೆ. ಜಾಮ್ ಆಗಿದ್ದರೆ ಎದ್ದು ಬರೋದೇ. ಅವರ ಅನುಮತಿ ಕೇಳಿ ಅಲೆನ್ ಕೀ ಹಾಕಿದೆ.

"ಹುಷಾರು ತಮ್ಮಾ, ಮುರಿದುಗಿರಿದೀಯ."

ತಿರುಗಿತು. ಉಸಿರು ಬಿಟ್ಟೆ.

ಆಮೇಲೆ ಆಂಪ್ (ಸದ್ದು ಏರಿಸುವ ಪೆಟ್ಟಿಗೆ) ಇಲ್ಲದೇ ಒಂದೊಂದೇ ಫ್ರೆಟ್ ಮೀಟುತ್ತಾ ಹೋದೆ. ನಾಲ್ಕು ತಂತಿ, ಇಪ್ಪತ್ತು ಫ್ರೆಟ್, ಎಂಬತ್ತು ಸ್ವರ. ಗಿಟಾರಿನ ಮೇಲಿನ ಕೊಂಬನ್ನು ದವಡೆಗೆ ಒತ್ತಿಕೊಂಡರೆ ಮೂಳೆಯ ಮೂಲಕ ಸ್ವರ ಚೆನ್ನಾಗಿ ಕೇಳುತ್ತೆ. ನೋಡಿದವರಿಗೆ ಹಲ್ಲುನೋವು ಅನ್ನಿಸಬಹುದು. ಎಲ್ಲಕ್ಕಿಂತ ತೆಳುವಾದ ಜಿ ತಂತಿಯ ಆರನೇ ಫ್ರೆಟ್‌ಗೆ ಬಂದಾಗ ಸಿಕ್ಕಿಬಿತ್ತು. ಅಕ್ಕಪಕ್ಕದ ಸ್ವರ ನಾಲ್ಕೈದು ಎಣಿಸುವವರೆಗೆ ನಿಲ್ಲುತ್ತೆ, ಇದು ಒಂದು ಎಣಿಸೋದರಲ್ಲಿ ಸತ್ತುಹೋಗುತ್ತೆ. ಆ ಕಂಪನಕ್ಕೆ ನೆಕ್ ಕೂಡ ಜೊತೆಗೆ ಅಲುಗಿ ತಂತಿಯ ಶಕ್ತಿಯನ್ನು ನುಂಗುತ್ತೆ. ಈ ಜಾತಿಯ ಬೇಸ್‌ಗಳಲ್ಲಿ ಜಿ ತಂತಿಯ ಐದರಿಂದ ಏಳನೇ ಫ್ರೆಟ್ ಒಳಗೆ ಇದು ಮಾಮೂಲಿ.

ಕೊನೆಗೆ ಅವರ ಕೀಬೋರ್ಡ್ ಆಂಪ್‌ಗೆ ಹಾಕಿದೆವು. ವಾಲ್ಯೂಮ್ ತಿರುಗಿಸಿದರೆ ಚರಚರ. ಒಂದೇ ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ) ಇಟ್ಟರೆ ಗುಂಯ್ ಅನ್ನುತ್ತೆ, ಎರಡನ್ನೂ ಪೂರ್ತಿ ಏರಿಸಿದರೆ ಮಾಯ. ಅದು ದೋಷವಲ್ಲ. ಎರಡು ಪಿಕಪ್‌ಗಳ ಸುರುಳಿ, ಅಯಸ್ಕಾಂತ ಒಂದಕ್ಕೊಂದು ಉಲ್ಟಾ ಇರೋದರಿಂದ ಹಾಗೆ. ತಂತಿ ಮುಟ್ಟಿದರೆ ಗುಂಯ್ ಕಮ್ಮಿಯಾಯಿತು, ಅಂದರೆ ಅರ್ಥಿಂಗ್ ಸರಿ ಇದೆ.

ಅವರು 14,000 ಅಂದರು. ಸತ್ತ ಸ್ವರವನ್ನ ಅವರಿಗೇ ಕೇಳಿಸಿದೆ. ನಕ್ಕುಬಿಟ್ಟರು. "ಅದು ಮೊದಲಿಂದ ಹಂಗೇ. ನಾನು ನುಡಿಸಿದ್ದು ಯಾರಿಗೂ ಕೇಳ್ತಿರ್ಲಿಲ್ಲಪ್ಪ. ನಿಲ್ಸಿದ್ರೆ ಮಾತ್ರ ಎಲ್ಲಾ ತಿರುಗಿ ನೋಡೋರು." ಚಹಾ ಕುಡಿಯುವಷ್ಟರಲ್ಲಿ 11,500ಕ್ಕೆ ಮುಗಿಯಿತು.

ಫೆಬ್ರವರಿ ಉಳಿದ ದಿನಗಳು

ತಂತಿಗೆ ಎರಡು ಸಾವಿರದ ಹತ್ತಿರ ಹೋಯಿತು. ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ, 45, 65, 85, 105. ಎ ತಂತಿಯನ್ನು ಅವಸರದಲ್ಲಿ ಗಿಡ್ಡ ಕತ್ತರಿಸಿಬಿಟ್ಟೆ. ತಂತಿ ಬಿಗಿಯುವ ಕಿವಿಗೆ ಒಂದೇ ಸುತ್ತು ಬಂದಿದೆ, ಕನಿಷ್ಠ ಎರಡಾದರೂ ಬೇಕಿತ್ತು. ಹಿಡಿದುಕೊಂಡಿದೆ, ಸದ್ಯಕ್ಕೆ ಇರಲಿ.

ಟ್ರಸ್ ರಾಡ್ ಕಾಲು ಸುತ್ತು ಬಲಕ್ಕೆ, ಒಂದು ದಿನ ಬಿಟ್ಟು ಮತ್ತೆ ಸ್ವಲ್ಪ. ಬುಡದಲ್ಲಿ ತಂತಿ ಕೂರುವ ಬ್ರಿಡ್ಜ್‌ನ ಒಂದು ಸ್ಕ್ರೂ ತುಕ್ಕು ಹಿಡಿದು ಕೂತಿತ್ತು. ಅವ್ವನ ಹೊಲಿಗೆ ಮಿಷನ್ ಎಣ್ಣೆ ಒಂದು ಹನಿ ಬಿಟ್ಟು ರಾತ್ರಿ ಮಲಗಿದೆ, ಬೆಳಿಗ್ಗೆ ಬಂತು. ಚರಚರಕ್ಕೆ ಮೊಬೈಲ್ ರಿಪೇರಿ ಹುಡುಗ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದುಕೊಟ್ಟ.

ಹನ್ನೆರಡನೇ ಫ್ರೆಟ್‌ನಲ್ಲಿ ಒತ್ತಿದ ಸ್ವರ ತುಸು ಏರಿತ್ತು, ಬ್ರಿಡ್ಜ್ ಮೇಲಿನ ಸ್ಯಾಡಲ್ (ತಂತಿಯ ಆಸರೆ) ಹಿಂದಕ್ಕೆ ಸರಿಸಿದೆ. ಖಾಲಿ ಇ ತಂತಿ 41 ಹರ್ಟ್ಸ್, ಫೋನಿನ ಟ್ಯೂನರ್‌ಗೆ ಅದು ಹಿಡಿತಕ್ಕೇ ಸಿಗಲಿಲ್ಲ. ಹನ್ನೆರಡನೇ ಫ್ರೆಟ್ ಮೇಲೆ ಬೆರಳು ಸೋಕಿಸಿ ಹಾರ್ಮೋನಿಕ್ ಬಾರಿಸಿದರೆ ತಕ್ಷಣ ತೋರಿಸುತ್ತೆ.

ಗೆಳೆಯನ ಆಂಪ್ ತಂದು ಒಂದು ಸಂಜೆ ನುಡಿಸಿದೆ. ಎ ಸ್ವರ ಬಂದಾಗಲೆಲ್ಲ ಅಡುಗೆಮನೆ ಸ್ಟ್ಯಾಂಡಿನ ತಟ್ಟೆಗಳು ಝಣಝಣ. ಅವ್ವ ಬಂದು, "ಏನೋ ಅದು, ಮಿಕ್ಸಿ ಕೆಟ್ಟಂಗೆ?" ಅಂದಳು. ಆವತ್ತಿಂದ ಮನೆಯಲ್ಲಿ ಹೆಡ್‌ಫೋನೇ.

ಮಾರ್ಚ್

ಹೊಸ ತಂತಿ ಹಾಕಿದರೆ ಸತ್ತ ಸ್ವರ ಎದ್ದೀತು ಅನ್ನೋ ಸಣ್ಣ ಆಸೆ ಇತ್ತು. ಏಳಲಿಲ್ಲ. ಅದಕ್ಕಿಂತ ಕೆಟ್ಟದ್ದು ಅಭ್ಯಾಸದ ದಿನ ಗೊತ್ತಾಯಿತು. ನಮ್ಮ ಹಾಡುಗಾರನ ಶ್ರುತಿ ಕಪ್ಪು ಒಂದು, ಅಂದರೆ ಸಿ ಶಾರ್ಪ್. ಜಿ ತಂತಿಯ ಆರನೇ ಫ್ರೆಟ್ ಅದೇ! ಅವನು ಮೇಲಿನ ಷಡ್ಜಕ್ಕೆ ಏರಿ ನಿಂತಾಗ ನನ್ನ ಬೇಸ್ ಬಾಯಿ ಮುಚ್ಚುತ್ತೆ. ಅರ್ಧ ಮನೆ ಏರಿಸಿ ಬಿಳಿ ಎರಡಕ್ಕೆ ಹಾಡು ಅಂದೆ. "ನಿನ್ನ ಗಿಟಾರಿಗೋಸ್ಕರ ನನ್ನ ಗಂಟಲು ಬದಲಾಯಿಸ್ಲಾ?" ಅಂತ ಮಂಡಕ್ಕಿ ಬಾಯಿಗೆ ಹಾಕಿಕೊಂಡ.

ಅದೇ ಸ್ವರ ಡಿ ತಂತಿಯ ಹನ್ನೊಂದನೇ ಫ್ರೆಟ್‌ನಲ್ಲೂ ಇದೆ, ಆದರೆ ಅಲ್ಲಿಗೆ ಕೈ ಹಾರುವಷ್ಟರಲ್ಲಿ ತಾಳ ಮುಂದೆ ಹೋಗಿರುತ್ತೆ. ಹೋದ ಶನಿವಾರ ಪಕ್ಕದ ಮನೆ ಬಡಗಿಯ ಸಣ್ಣ ಸಿ ಕ್ಲ್ಯಾಂಪ್ ಇಸ್ಕೊಂಡು, ಬಟ್ಟೆ ಸುತ್ತಿ ಗಿಟಾರಿನ ತಲೆಗೆ ಬಿಗಿದೆ. ತಲೆ ಭಾರವಾದರೆ ನೆಕ್ ಅಲುಗುವ ವೇಗ ತಗ್ಗುತ್ತೆ. ಸತ್ತ ಜಾಗ ಒಂದು ಫ್ರೆಟ್ ಕೆಳಗಿಳಿಯಿತು. ಷಡ್ಜ ಬದುಕಿತು, ಅದರ ಕೆಳಗಿನ ಶುದ್ಧ ನಿಷಾದ ಮಂಕಾಯಿತು. ನೋಡೋಕೆ ಅಸಹ್ಯ, ಬೆಲ್ಟ್ ಹಾಕಿ ನಿಂತರೆ ತಲೆ ನೆಲ ನೋಡುತ್ತೆ.

ಸದ್ಯಕ್ಕೆ ಭೈರವಿ ರಾಗದ ಹಾಡುಗಳನ್ನೇ ಹಿಡಿದಿದ್ದೇವೆ. ಅದರಲ್ಲಿ ಕೋಮಲ ನಿಷಾದ. ಶುದ್ಧ ನಿಷಾದದ ಯಮನ್ ರಾಗ ಬಂದ ದಿನ ಡಿ ತಂತಿಯ ಹತ್ತನೇ ಫ್ರೆಟ್‌ಗೆ ಓಡಬೇಕು. ಬಡಗಿ ಕ್ಲ್ಯಾಂಪ್ ವಾಪಸ್ ಕೇಳಿದ್ದಾನೆ.