ಮೂವತ್ತೈದು ಡಾಲರಿನ ವ್ಯಾಗನ್

ಉಗಿಬಂಡಿಯಲ್ಲಿ ಕೂರುವ ಆಸೆಯಿಂದ ಮಗಳೊಂದಿಗೆ ಅಮೆರಿಕದ ಪೆನ್ಸಿಲ್ವೇನಿಯಾದ ಸ್ಟ್ರಾಸ್‌ಬರ್ಗಿಗೆ ಹೋಗಿದ್ದೆ. ಮರಳಿ ಬಂದ ಮೇಲೂ ಕಣ್ಣಿಗೆ ಕಟ್ಟಿರುವುದು ಬೂದುಬಣ್ಣದ ಒಂದು ಸರಕು ವ್ಯಾಗನ್.

ಸ್ಟ್ರಾಸ್‌ಬರ್ಗ್ ರೈಲ್‌ರೋಡಿನ ಹಳಿಯ ಉದ್ದ ಸುಮಾರು ಏಳು ಕಿಲೋಮೀಟರ್, ಅಷ್ಟೇ. ಆದರೆ ಸನ್ನದು ಸಿಕ್ಕಿದ್ದು 1832ರಲ್ಲಿ. ಎಂಜಿನ್ 1924ರದು, ಹತ್ತು ಚಾಲಕ ಗಾಲಿಗಳ 90ನೇ ಸಂಖ್ಯೆಯದು; ಹಿಂದೆ ಕೊಲರಾಡೋದಲ್ಲಿ ಸಕ್ಕರೆ ಬೀಟ್‌ಗೆಡ್ಡೆ ಎಳೆಯುತ್ತಿತ್ತಂತೆ. ಎರಡೂ ಬದಿ, ಹಳೆಯ ಕಾಲದ ರೀತಿಯಲ್ಲೇ ಬಾಳುವ ಆಮಿಶ್ ಎಂಬ ಕ್ರೈಸ್ತ ಪಂಗಡದ ರೈತರ ಮೆಕ್ಕೆಜೋಳದ ಹೊಲಗಳು, ಹೇಸರಗತ್ತೆ ಹೂಡಿದ ನೇಗಿಲುಗಳು. ಅವರಿಗೆ ಫೋಟೊ ತೆಗೆಸಿಕೊಳ್ಳುವುದು ಒಗ್ಗದು. ಕ್ಯಾಮೆರಾವನ್ನು ಚೀಲದಲ್ಲೇ ಇಟ್ಟೆ.

ಪ್ಯಾರಡೈಸ್ ಎಂಬ ಊರಿನ ಲೀಮನ್ ಪ್ಲೇಸ್‌ನಲ್ಲಿ ಹಳಿ ದೊಡ್ಡ ಮಾರ್ಗವನ್ನು ಸೇರುತ್ತದೆ. ಎಂಜಿನ್ ಬಿಚ್ಚಿಕೊಂಡು ಇನ್ನೊಂದು ತುದಿಗೆ ಹೋಗುತ್ತಿದ್ದಾಗ ಪಕ್ಕದಲ್ಲೇ ಫಿಲಡೆಲ್ಫಿಯಾದ ರೈಲು ಭರ್ರನೆ ಹಾದುಹೋಯಿತು. ಅದು ಇಲ್ಲಿ ನಿಲ್ಲುವುದಿಲ್ಲ. ಭೂಪಟದಲ್ಲಿ ಹಳಿಗಳು ಕೂಡುವುದನ್ನು ನೋಡಿ ಇಲ್ಲೇ ಇಳಿಯಬಹುದೆಂದು ನಂಬಿದ್ದ ನಾವು ಬರುವಾಗ ಲ್ಯಾಂಕಾಸ್ಟರ್‌ವರೆಗೂ ಹೋಗಿ ಟ್ಯಾಕ್ಸಿ ಹಿಡಿಯಬೇಕಾಯಿತು. ಸಂಜೆ ಬರುತ್ತೇನೆಂದು ಮಾತು ಕೊಟ್ಟ ಚಾಲಕ ಬರಲೇ ಇಲ್ಲ. ಒಂದೂವರೆ ಗಂಟೆ ರಸ್ತೆಬದಿಯಲ್ಲಿ ನಿಂತೆವು. ಹೋಗುವವರು ಎರಡೂ ಕಡೆಗೆ ವಾಹನ ಗೊತ್ತುಮಾಡಿಕೊಳ್ಳಿ. ಭಾನುವಾರ ಬೇಡ, ಆಮಿಶರ ಅಂಗಡಿಗಳು ಮುಚ್ಚಿರುತ್ತವೆ.

ನಮ್ಮ ಬೋಗಿಗಳ ಹಿಂದೆ ಒಬ್ಬ ಹಿರಿಯ ರೈಲ್ವೆ ನೌಕರರು ಆ ಬೂದು ವ್ಯಾಗನ್ನನ್ನು ಜೋಡಿಸುತ್ತಿದ್ದರು. ಪ್ರವಾಸಿಗರ ರೈಲಿಗೆ ಸರಕೇಕೆ ಎಂದು ಕೇಳಿದೆ.

“ಇದು ಮೊದಲಿನಿಂದಲೂ ಸರಕಿನ ರೈಲೇ,” ಎಂದರು. ದೊಡ್ಡ ಕಂಪನಿ ವ್ಯಾಗನ್ನನ್ನು ಇಲ್ಲಿ ಬಿಟ್ಟುಹೋಗುತ್ತದೆ. ಕೊನೆಯ ಏಳು ಕಿಲೋಮೀಟರ್ ಇವರ ಪಾಲು. ದೇಶದಲ್ಲಿ ಇಂಥ ಆರುನೂರರಷ್ಟು ಪುಟ್ಟ ರೈಲ್ವೆಗಳಿವೆ. 1980ರ ಕಾಯ್ದೆಯಿಂದ ನಿರ್ಬಂಧ ಸಡಿಲಿದಾಗ ದೊಡ್ಡವರು ಲಾಭವಿಲ್ಲವೆಂದು ಕೈಬಿಟ್ಟ ಕವಲುಗಳೇ ಅವುಗಳಲ್ಲಿ ಹೆಚ್ಚು. ಈ ಹಳಿಗೆ ಕಷ್ಟ ಅದಕ್ಕೂ ಮೊದಲೇ ಬಂದಿತ್ತು. ಮುಚ್ಚುವ ಅರ್ಜಿಯೂ ಸಿದ್ಧವಾಗಿದ್ದಾಗ, 1958ರ ನವೆಂಬರಿನಲ್ಲಿ ರೈಲುಪ್ರಿಯರು ಹಣ ಒಟ್ಟುಗೂಡಿಸಿ ಕೊಂಡರು. ಒಂದು ವಾರದಲ್ಲಿ ಊರಿನ ಗಿರಣಿಗೆ ಮೊದಲ ವ್ಯಾಗನ್ ಮುಟ್ಟಿಸಿದರು. ಸಿಕ್ಕ ಬಾಡಿಗೆ 35 ಡಾಲರ್.

“ಮೂವತ್ತೈದು,” ಎಂದು ಅವರು ಮತ್ತೊಮ್ಮೆ ಹೇಳಿದರು, ತಾವೇ ಎಣಿಸಿಕೊಂಡಂತೆ.

ನನಗೆ ತರೀಕೆರೆಯಿಂದ ನರಸಿಂಹರಾಜಪುರಕ್ಕಿದ್ದ ನ್ಯಾರೋಗೇಜ್ ನೆನಪಾಯಿತು. ಆ ಹಳಿಯನ್ನು ಕಿತ್ತು ಎಷ್ಟೋ ಕಾಲವಾಯಿತು. ಅವರಿಗೆ ಹೇಳಿದೆ. ಕೈಗವಸು ಕಳಚಿ ನನ್ನ ಕೈ ಹಿಡಿದುಕೊಂಡರು, ಸಾವಿನ ಮನೆಗೆ ಬಂದವರಂತೆ.

ಸ್ಟ್ರಾಸ್‌ಬರ್ಗಿನಲ್ಲಿ ಎಲ್ಲರೂ ಇಳಿದು ಐಸ್‌ಕ್ರೀಮಿನ ಕಡೆ ನಡೆದರು. “ಅಪ್ಪ, ಬನ್ನಿ,” ಎಂದು ಮಗಳು ಕರೆದಳು. ವ್ಯಾಗನ್ ಬಿಚ್ಚಿ ಪಕ್ಕದ ಹಳಿಗೆ ನಿಲ್ಲಿಸುವವರೆಗೂ ನಾನು ಕದಲಲಿಲ್ಲ.